ಪಾತ್ರೆ ಅಂಗಡಿಯವರು ತಟ್ಟೆ ಕೇಳಿದ್ದು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವ ಗಾದೆ ಕಟ್ಟಿದವರು ನಮ್ಮೂರಿನವರಂತೂ ಅಲ್ಲ. ನಮ್ಮೂರಿನಲ್ಲಿ ಮುತ್ತು ಒಡೆದರೆ ಹೋಗುತ್ತದೆ, ಒಪ್ಪಿದೆ. ಮಾತು ಎಲ್ಲಿಗೂ ಹೋಗುವುದಿಲ್ಲ. ಊರ ಮುಂದೆ ಬೋಳು ಬಂಡೆಯ ನಾಳೆಗುಡ್ಡ ಕೂತಿದೆಯಲ್ಲ, ಅದು ಇವತ್ತು ಕೂಗಿದ್ದನ್ನೆಲ್ಲ ಇಟ್ಟುಕೊಂಡು ನಾಳೆ ಅದೇ ಹೊತ್ತಿಗೆ ವಾಪಸು ಕೊಡುತ್ತದೆ. ಒಂದೇ ಸಲ ಕೊಡುತ್ತದೆ, ಆಮೇಲೆ ಮರೆತುಬಿಡುತ್ತದೆ. ಮರೆಯದವರು ನಾವು.

ಮೆಲ್ಲಗೆ ಆಡಿದ್ದು ಗುಡ್ಡಕ್ಕೆ ಮುಟ್ಟುವುದಿಲ್ಲ. ಹಾಗಾಗಿ ನಾವು ಮೆಲುದನಿಯ ಜನ. ಹೊರಗಿನಿಂದ ಬಂದವರು ಎಂಥ ಸಂಸ್ಕಾರವಂತರಪ್ಪಾ ಎಂದು ಮೂಗಿನ ಮೇಲೆ ಬೆರಳಿಡುತ್ತಾರೆ. ಸಂಸ್ಕಾರವೂ ಇಲ್ಲ, ಮಣ್ಣೂ ಇಲ್ಲ. ಬೈಗುಳಗಳನ್ನೆಲ್ಲ ನಾವು ಪಿಸುದನಿಯಲ್ಲೇ ಬೈಯುತ್ತೇವೆ, ಅಷ್ಟೆ. ಸೊಪ್ಪು ಮಾರುವವರು ಮಾತ್ರ ಕೂಗದೆ ವಿಧಿಯಿಲ್ಲ. ಇವರು ಇವತ್ತಿನ ಬೆಲೆ ಕೂಗುತ್ತಿರುವಾಗಲೇ ಗುಡ್ಡ ನಿನ್ನೆಯ ಬೆಲೆ ಕೂಗುತ್ತದೆ, ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕೇ ಕೊಡು ಎಂದು ನಾವು ಪಟ್ಟು ಹಿಡಿಯುತ್ತೇವೆ. ಮಗು ಹುಟ್ಟಿದ ಮಾರನೆಯ ದಿನ ನೆಂಟರೆಲ್ಲ ಬೆಲ್ಲ ಹಿಡಿದು ಬಂದು ಕೂತು ಅದರ ಮೊದಲ ಅಳು ಕೇಳಿಕೊಂಡು ಹೋಗುತ್ತಾರೆ.

ಇನ್ನು ಬಾಯಿ ತಪ್ಪಿ ಜೋರಾಗಿ ಆಡಬಾರದ್ದು ಆಡಿದರೆ? ಅದಕ್ಕೂ ಹಿರಿಯರು ದಾರಿ ಮಾಡಿಟ್ಟಿದ್ದಾರೆ. ಆಡಿದವನು ಒಂದು ಖಾಲಿ ತಟ್ಟೆ ಹಿಡಿದು ಅಕ್ಕಪಕ್ಕದ ಮನೆಗಳ ಹೊಸಿಲ ಮುಂದೆ ನಿಂತು ಹೊತ್ತು ಹೇಳಬೇಕು, 'ನಾಳೆ ಹನ್ನೊಂದಕ್ಕೆ' ಅಂತಲೋ 'ಸಂಜೆ ದೀಪ ಹಚ್ಚುವಾಗ' ಅಂತಲೋ. ಅಷ್ಟೇ. ಏಕೆ ಎಂದು ಯಾರೂ ಕೇಳುವಂತಿಲ್ಲ. ಮಾರನೆಯ ದಿನ ಆ ಹೊತ್ತಿಗೆ ಮನೆಮನೆಯವರೂ ಬಾಗಿಲಿಗೆ ಬಂದು ಕಂಚಿನ ತಟ್ಟೆ ಬಡಿಯುತ್ತಾರೆ, ಗುಡ್ಡ ಹೇಳಿದ್ದು ಆ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಇದಕ್ಕೆ ತಟ್ಟೆ ಕೇಳುವುದು ಅನ್ನುತ್ತಾರೆ. ಮಾನ ಉಳಿಯುತ್ತದೆ, ನಿಜ, ಆದರೆ ಅರ್ಧ ಮಾತ್ರ. ಮುಚ್ಚುವಂಥದ್ದು ಏನೋ ಇತ್ತು ಅನ್ನುವುದಂತೂ ಊರಿಗೆ ಗೊತ್ತಾಯಿತಲ್ಲ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಆ ಕಂಚಿನ ತಟ್ಟೆಗಳನ್ನು ಊರಿಗೆಲ್ಲ ಮಾರುವವರು ನಾವೇ. ನನ್ನ ಯಜಮಾನರು ಪಂಚಾಕ್ಷರಯ್ಯನವರದು ಪೇಟೆಯಲ್ಲಿ ಪಾತ್ರೆ ಅಂಗಡಿ. ನನ್ನ ಹೆಸರು ನೀಲಾಂಬಿಕೆ. ಈ ಮನೆಗೆ ಸೊಸೆಯಾಗಿ ಬಂದಾಗ ನಮ್ಮತ್ತೆ ಮೊದಲು ಹೇಳಿದ ಮಾತು, 'ಊರೆಲ್ಲ ನಮ್ಮಿಂದ ತಟ್ಟೆ ಕೊಂಡಿದೆ ಕಣಮ್ಮ, ನಾವು ಯಾರ ಬಾಗಿಲಲ್ಲೂ ತಟ್ಟೆ ಕೇಳಿಲ್ಲ.' ಆ ಮಾತನ್ನು ನಾನು ತಾಳಿಯ ಪಕ್ಕದಲ್ಲೇ ಕಟ್ಟಿಕೊಂಡಿದ್ದೆ. ನನ್ನ ನಾಲಿಗೆ ಚುರುಕು, ಸುಳ್ಳೇಕೆ ಹೇಳಲಿ. ಆದರೆ ಎಷ್ಟು ಚುರುಕಾದರೂ ದನಿ ಹೊಸಿಲು ದಾಟದ ಹಾಗೆ ನೋಡಿಕೊಂಡಿದ್ದೆ. ಹೊಸಿಲೊಳಗೆ ಅದರ ಚುರುಕು ತಿಂದವಳು ನನ್ನ ನಾದಿನಿ ರುದ್ರಾಣಿ.

ನಾನು ಬಂದಾಗ ರುದ್ರಾಣಿ ಇನ್ನೂ ಲಂಗ ಹಾಕುತ್ತಿದ್ದ ಹುಡುಗಿ. ಆಗಲೇ ಆಳೆತ್ತರ, ಮೈತುಂಬ ದಪ್ಪ. ವರ್ಷ ಕಳೆದ ಹಾಗೆ ಇನ್ನೂ ದಪ್ಪಗಾದಳು. ನೋಡಲು ಬಂದ ಗಂಡುಗಳೆಲ್ಲ ಅವಳು ಮಾಡಿದ ಉಪ್ಪಿಟ್ಟು ತಿಂದು, ಇನ್ನೊಂದು ಸೌಟು ಹಾಕಿಸಿಕೊಂಡು, ಊರಿಗೆ ಹೋಗಿ ತಿಳಿಸುತ್ತೇವೆ ಅಂದು ಹೋದವರು ತಿಳಿಸಲೇ ಇಲ್ಲ. ಅಡಿಗೆ ಅವಳದೇ, ನೀರು ಹೊರುವುದು ಅವಳೇ, ನನ್ನ ಕಾಲು ನೋವಿಗೆ ಎಣ್ಣೆ ಕಾಯಿಸಿ ತಿಕ್ಕುವವಳೂ ಅವಳೇ. ಆದರೂ ನನಗೆ ಅವಳು ಒಂದು ತೀರದ ಕೆಲಸದ ಹಾಗೆ ಕಾಣುತ್ತಿದ್ದಳು. ಹೊಸ ಸೀರೆ ಉಟ್ಟರೆ 'ಇಡೀ ಥಾನು ಬೇಕಾಯ್ತೇನೋ' ಅನ್ನುತ್ತಿದ್ದೆ. ಅವಳು ನಗುತ್ತಿದ್ದಳು. ಅವಳು ಅಳುವವಳಾಗಿದ್ದರೆ ನಾನು ಎಂದೋ ಬಾಯಿ ಮುಚ್ಚಿಕೊಳ್ಳುತ್ತಿದ್ದೆನೋ ಏನೋ.

ಈ ಸಲ ಕಾಡಿನಾಚೆಯ ಊರಿನಿಂದ ಒಂದು ಸಂಬಂಧ ಬಂತು. ಹೆಂಡತಿ ತೀರಿಕೊಂಡವನು, ಸೈಕಲ್ ಅಂಗಡಿ ಇದೆ, ಮಕ್ಕಳಿಲ್ಲ. ಹೆಣ್ಣು ದಪ್ಪಗಿದ್ದರೂ ಪರವಾಗಿಲ್ಲ, ಸೋಮವಾರ ಬೆಳಿಗ್ಗೆ ಕರೆತನ್ನಿ ಎಂದು ಹೇಳಿ ಕಳಿಸಿದ್ದ. ಕಾಡು ಸುತ್ತಿ ಬಸ್ಸಿನಲ್ಲಿ ಹೋದರೆ ಸೊಂಟ ಮುರಿಯುತ್ತದೆ. ನಾನು ಹಠ ಮಾಡಿ ಪುಟ್ಟ ವಿಮಾನದಲ್ಲಿ ಜಾಗ ಹಿಡಿಸಿದೆ. ನಾಲ್ಕೇ ಜನ ಕೂರುವ ಆ ವಿಮಾನ ನಮ್ಮೂರಿಗೂ ಆ ಊರಿಗೂ ಟಪಾಲು, ಔಷಧಿ, ಒಮ್ಮೊಮ್ಮೆ ರೋಗಿಗಳನ್ನು ಸಾಗಿಸುತ್ತದೆ. ಅದನ್ನು ಹಾರಿಸುವವರು ಇಸ್ಮಾಯಿಲ್ ಸಾಹೇಬರು. ಎದುರಿಗೆ ಅಷ್ಟು ಮೀಟರುಗಳ ಮುಳ್ಳುಗಳು ಕುಣಿಯುತ್ತಿದ್ದರೂ ಅವರು ನಂಬುವುದು ತಮ್ಮ ಕಿವಿಯನ್ನು. ಇಂಜಿನ್ನಿನ ಸದ್ದು ಕೇಳಿಯೇ ಅದರ ನಾಡಿ ಹೇಳುತ್ತಾರೆ.

ಹತ್ತುವ ಮುಂಚೆ ಎಲ್ಲರೂ ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಬೇಕು. ರುದ್ರಾಣಿ ನಿಂತಾಗ ಕಲ್ಲಿನ ಮೇಲೆ ಕಲ್ಲು ಇಡಬೇಕಾಯಿತು. ಸುತ್ತ ನಾಲ್ಕು ಜನ ಇದ್ದರು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ! 'ಸಾಹೇಬ್ರೇ, ಇವಳಿಗೊಬ್ಬಳಿಗೆ ಎರಡು ಟಿಕೆಟ್ ಹರಿದುಬಿಡಿ' ಅಂದೆ, ಮೆಲ್ಲಗೇ. ಎಲ್ಲರೂ ಕಿಸಕ್ಕೆಂದರು. ರುದ್ರಾಣಿಯೂ ನಕ್ಕಳು. ಇಸ್ಮಾಯಿಲ್ ಸಾಹೇಬರು ಮಾತ್ರ ನಗಲಿಲ್ಲ. 'ಭಾರ ಎಲ್ಲಾ ಸರಿಯಾಗಿದೆ ತಾಯಿ, ಇನ್ನೂ ಒಂದು ಮೂಟೆ ಹಾಕಬಹುದು' ಅಂದರು. ಆಮೇಲೆ ಗಡಿಯಾರ ನೋಡಿ, 'ಅರ್ಧ ಗಂಟೆ ತಡೆದು ಹೋಗೋಣ' ಅಂದರು.

'ಯಾಕೆ?'

'ನಿನ್ನೆ ಒಂಬತ್ತಕ್ಕೆ ಇಂಜಿನ್ನಿಗೆ ಹೊಸ ಸಾಮಾನು ಹಾಕಿ ಓಡಿಸಿ ನೋಡಿದ್ದೆ. ಗುಡ್ಡ ಈಗ ಅದನ್ನ ವಾಪಸ್ ಕೊಡುತ್ತೆ. ಆ ಗದ್ದಲದಲ್ಲಿ ಇವತ್ತಿನ ಇಂಜಿನ್ ಸದ್ದು ನನಗೆ ಕೇಳೋಲ್ಲ. ಹಿಂದಿನ ದಿನ ಇಂಜಿನ್ ಓಡಿಸಿದ ಹೊತ್ತಿಗೇ ವಿಮಾನ ಎತ್ತಬಾರದು ಅಂತ ನಮ್ಮಲ್ಲಿ ಒಂದು ಕಟ್ಟುಪಾಡು.'

'ಒಂಬತ್ತಕ್ಕೆ ರಾಹುಕಾಲ ಮುಗೀತು. ಹತ್ತೂವರೆಗೆ ಯಮಗಂಡ ಶುರು. ಅಷ್ಟರೊಳಗೆ ಅವರ ಹೊಸಿಲು ತುಳೀಬೇಕು ನಾವು.'

'ಅಮ್ಮಾ, ರಾಹು ನಿಮ್ಮೋನು, ಇಂಜಿನ್ ನನ್ನದು.'

'ಹಾಗಾದ್ರೆ ಬಿಡಿ. ಮುಂದಿನ ಸೋಮವಾರ ಹೋಗ್ತೀವಿ. ಅಷ್ಟೊತ್ತಿಗೆ ಅವರು ಬೇರೆ ಹೆಣ್ಣು ನೋಡ್ಕೊಂಡಿರ್ತಾರೆ. ಇವಳು ಮನೇಲಿ ಕೂತೇ ಮುದುಕಿಯಾಗಲಿ, ಆ ಪಾಪ ನಿಮಗಿರಲಿ.'

ನನ್ನ ಯಜಮಾನರು ನನ್ನ ತೋಳು ಮುಟ್ಟಿ, 'ನೀಲಾ, ಅವರು ತಿಳಿದೋರು, ಹೇಳಿದ್ದು ಕೇಳು' ಅಂದರು. ನಾನು ತೋಳು ಕೊಸರಿಕೊಂಡೆ. ಸಾಹೇಬರು ರುದ್ರಾಣಿಯ ಮುಖ ನೋಡಿದರು. ಅವಳು ಹೂ ಮುಡಿದು, ಪೌಡರ್ ಹಚ್ಚಿಕೊಂಡು, ತಕ್ಕಡಿಯಿಂದ ಇಳಿದು ನಿಂತಿದ್ದಳು. ಪಾಪ ಅನ್ನಿಸಿತೋ ಏನೋ, ನಿಟ್ಟುಸಿರು ಬಿಟ್ಟು 'ಹತ್ತಿ' ಅಂದರು.

ಮುಂದೆ ಸಾಹೇಬರು ಮತ್ತು ಯಜಮಾನರು, ಹಿಂದೆ ನಾನು ಮತ್ತು ರುದ್ರಾಣಿ. ಸಾಹೇಬರು ಇಂಜಿನ್ ಜೋರು ಮಾಡಿ ಕತ್ತು ವಾರೆ ಮಾಡಿ ಕಿವಿಗೊಟ್ಟರು. ಅಷ್ಟರಲ್ಲಿ ಗುಡ್ಡವೂ ಶುರು ಮಾಡಿತು. ನಿನ್ನೆಯ ಇಂಜಿನ್, ಒಳ್ಳೆ ಆರೋಗ್ಯವಂತ ಇಂಜಿನ್, ಗುಂಯ್ ಎಂದು ಮೊರೆಯಿತು. ಯಾವುದು ನಿನ್ನೆಯದು, ಯಾವುದು ಇವತ್ತಿನದು ಎಂದು ದೇವರಿಗೇ ಗೊತ್ತಾಗದ ಹಾಗಿತ್ತು. ಸಾಹೇಬರು ಇನ್ನೂ ಕತ್ತು ವಾರೆ ಮಾಡಿಕೊಂಡೇ ಇದ್ದರು. ಆ ಗದ್ದಲದಲ್ಲಿ ಮೆಲ್ಲಗೆ ಹೇಳಿದರೆ ಕೇಳುತ್ತದೆಯೇ? ನಾನು ಕೂಗಿದೆ: 'ಹೊರಡ್ರೀ ಸಾಹೇಬ್ರೇ, ಏನು ಕೇಳ್ತಾ ಕೂತಿದೀರಿ!' ವಿಮಾನ ಓಡಿತು, ನೆಲ ಬಿಟ್ಟಿತು.

ನಮ್ಮ ಅಂಗಡಿಯ ತಗಡಿನ ಚಾವಣಿ ಕಂಡಿತು. ಹುಣಸೇಮರದ ನೆತ್ತಿ ಕಂಡಿತು. ನಾಳೆಗುಡ್ಡದ ಮೈ ಎದುರಿಗೇ ಬಂತು. ಆಗ ಇಂಜಿನ್ ಕೆಮ್ಮಿತು. ಒಂದೇಟಿಗೆ ನಿಂತಿದ್ದರೆ ಅದೊಂದು ಥರ. ಇದು ನಿಲ್ಲಲಿಲ್ಲ, ಜ್ವರದಿಂದ ಎದ್ದವರು ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಾರಲ್ಲ, ಹಾಗೆ ತಡವರಿಸಿ ತಡವರಿಸಿ ಸೋತಿತು. ಏರುತ್ತಿದ್ದ ವಿಮಾನ ಏರುವುದನ್ನು ಬಿಟ್ಟಿತು, ಮೂತಿ ಕೆಳಗೆ ಮಾಡಿತು. 'ಏಳ್ತಿಲ್ಲ! ಏಳ್ತಿಲ್ಲ!' ಎಂದು ಸಾಹೇಬರು ಅಂದದ್ದು ಕೇಳಿತು.

ಆಮೇಲಿನದರಲ್ಲಿ ನನಗೆ ನೆನಪಿದ್ದದ್ದು ಇಷ್ಟು. ಯಜಮಾನರ ಕೈ ಬಾಗಿಲಿನ ಹಿಡಿಯ ಮೇಲಿತ್ತು. ಬಾಗಿಲು ಅರ್ಧ ತೆರೆದು ಗಾಳಿ ಒಳಗೆ ನುಗ್ಗಿತು. 'ನನ್ನ ಇಳಿಸಿ! ನನ್ನ ಇಳಿಸಿ!' ಎಂದು ಅವರು ಕಿರುಚಿದರು. ಹಿಂದಿನಿಂದ ರುದ್ರಾಣಿ ಎರಡು ಕೈಯಲ್ಲೂ ಅವರ ಅಂಗಿಯ ಬೆನ್ನು ಹಿಡಿದು ಜಗ್ಗಿದಳು, ಅಂಗಿ ಪರ್ರನೆ ಹರಿಯಿತು. ಸಾಹೇಬರು ವಿಮಾನವನ್ನು ಹಿಂದಕ್ಕೆ ತಿರುಗಿಸಲಿಲ್ಲ. ಆ ಎತ್ತರದಲ್ಲಿ ತಿರುಗಿಸಲು ಹೋದವರು ಕಲ್ಲಿನ ಹಾಗೆ ಬೀಳುತ್ತಾರಂತೆ. ಮೂತಿ ತಗ್ಗಿಸಿಕೊಂಡೇ ಚೂರು ಎಡಕ್ಕೆ ವಾಲಿಸಿ, ನೀರು ಬತ್ತಿದ ಕೆರೆಯ ಅಂಗಳದಲ್ಲಿ ತಂದು ಕುಕ್ಕಿದರು. ದಡದಡ ಉರುಳಿ, ಜೊಂಡಿನಲ್ಲಿ ಸಿಕ್ಕಿಕೊಂಡು ನಿಂತಿತು. ಯಾರಿಗೂ ಏನೂ ಆಗಲಿಲ್ಲ, ರುದ್ರಾಣಿಯ ಮಣಿಕಟ್ಟು ಉಳುಕಿದ್ದು ಬಿಟ್ಟರೆ.

ಊರಿಗೆ ಊರೇ ಕೆರೆಗೆ ಓಡಿ ಬಂತು. ಸಾಹೇಬರು ಇಳಿದು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಬಂದವರಿಗೆಲ್ಲ ಒಂದೇ ಮಾತು ಹೇಳಿದರು. 'ತಪ್ಪು ನನ್ನದು. ಒಂಬತ್ತಕ್ಕೆ ಎತ್ತಬಾರದಿತ್ತು.' ನನ್ನ ಹೆಸರು ಎತ್ತಲಿಲ್ಲ. ನಾನೂ ಅವರ ಮಾತಿಗೆ ಅಡ್ಡ ಬರಲಿಲ್ಲ. ಹತ್ತಿಸಿಕೊಂಡವರು ಅವರು ತಾನೇ, ಎಂದು ಒಳಗೊಳಗೇ ಅಂದುಕೊಂಡೆ. ಸಂಬಂಧವಂತೂ ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗಾಯಿತು. ಆದರೆ ಆಗ ನನ್ನ ತಲೆಯಲ್ಲಿ ಸಂಬಂಧವೂ ಇರಲಿಲ್ಲ, ಸಾಹೇಬರೂ ಇರಲಿಲ್ಲ. ಒಂದೇ ಒಂದು ಯೋಚನೆ ಇತ್ತು. ಗುಡ್ಡದ ಮುಖಕ್ಕೆ ಮುಖ ಕೊಟ್ಟು ಕಿರುಚಿದ್ದಾರೆ ನನ್ನ ಗಂಡ. ನಾಳೆ ಒಂಬತ್ತಕ್ಕೆ ಊರೆಲ್ಲ ಕೇಳುತ್ತದೆ.

ಮನೆಗೆ ಬಂದು ಬಾಗಿಲು ಹಾಕಿದವಳೇ ಶುರು ಮಾಡಿದೆ, ಪಿಸುದನಿಯಲ್ಲಿ. 'ನಾಚಿಕೆ ಆಗಲ್ವೇನ್ರೀ ನಿಮಗೆ? ಹೆಂಡತಿ ಹಿಂದೆ ಕೂತಿದ್ದಾಳೆ, ತಂಗಿ ಕೂತಿದ್ದಾಳೆ, ನೀವು ನನ್ನ ಇಳಿಸಿ ನನ್ನ ಇಳಿಸಿ ಅಂತ ಬಾಗಿಲು ತೆಗೀತೀರಲ್ಲ! ಗಂಡಸಾ ನೀವು?'

ಅವರು ಹರಿದ ಅಂಗಿಯಲ್ಲೇ ಮಣೆಯ ಮೇಲೆ ಕೂತಿದ್ದರು. ನನ್ನ ಮುಖವನ್ನು ತುಂಬ ಹೊತ್ತು ನೋಡಿದರು. 'ನಿನಗೆ ಬೇರೆ ಏನೂ ನೆನಪಿಲ್ವಾ ನೀಲಾ?'

'ಎಲ್ಲಾ ನೆನಪಿದೆ. ಮರೆಯೋ ಅಂಥದ್ದಾ ಅದು?'

ಅವರು ರುದ್ರಾಣಿಯ ಕಡೆ ನೋಡಿದರು. ಅವಳು ಉಳುಕಿದ ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಾ ತಲೆ ತಗ್ಗಿಸಿದಳು. ಅಣ್ಣ ತಂಗಿ ಇಬ್ಬರೂ ತುಟಿ ಎರಡು ಮಾಡಲಿಲ್ಲ. ನಾಚಿಕೆಯಾಗಿರಬೇಕು, ಆಗಲಿ, ಎಂದು ನಾನು ಇನ್ನಷ್ಟು ಉಗಿದೆ. ಊಟದ ಹೊತ್ತಾದ ಮೇಲೆ ಅವರು ಎದ್ದು, ಬೇರೆ ಅಂಗಿ ಹಾಕಿಕೊಂಡು, ಅಡಿಗೆಮನೆಯಿಂದ ಒಂದು ಖಾಲಿ ತಟ್ಟೆ ತೆಗೆದುಕೊಂಡು ಹೊರಗೆ ಹೋದರು. ನಾನು ಹಿತ್ತಿಲಲ್ಲಿದ್ದೆ, ನೋಡಲಿಲ್ಲ. ರುದ್ರಾಣಿ ನೋಡಿದ್ದಳು, ಹೇಳಲಿಲ್ಲ.

ಹೇಳಿದವರು ಎದುರುಮನೆ ಶಿವಗಂಗಮ್ಮ. ಸಂಜೆ ಬಂದು, ಸೆರಗು ಬಾಯಿಗೆ ಅಡ್ಡ ಹಿಡಿದು, 'ಯಜಮಾನ್ರು ಬಂದಿದ್ರು ಕಣಮ್ಮ, ತಟ್ಟೆ ಹಿಡ್ಕೊಂಡು. ನಮ್ಮ ಬೀದಿ ಅಲ್ಲ, ಪೇಟೆ ಬೀದಿ, ಕೆರೆ ಬೀದಿ, ಎಲ್ಲಾ ಕಡೆ ಹೋಗಿದ್ದಾರೆ. ನಾಳೆ ಒಂಬತ್ತಕ್ಕೆ ಅಂದ್ರು. ನಾನು ಬಾಯಿ ಮಾತಿಗೂ ಏನು ಅಂತ ಕೇಳಲಿಲ್ಲಮ್ಮ, ಕೇಳಬಾರದು' ಅಂದರು. ಕೇಳಬಾರದು ಅನ್ನುತ್ತಲೇ ಹೊಸಿಲ ಮೇಲೆ ಬೇರು ಬಿಟ್ಟು ನಿಂತರು. 'ಜನ ಏನೇನೋ ಅಂತಾರೆ. ಸಾಹೇಬರ ಕತ್ತು ಹಿಡಿದ್ರಂತೆ ಅಂತಾರೆ. ಇನ್ನೂ ಏನೋ, ಅಯ್ಯೋ, ನನ್ನ ಬಾಯಲ್ಲಿ ಬರಲ್ಲ. ಸಾಯೋ ಹೊತ್ತಲ್ಲಿ ಯಾವಳದೋ ಹೆಸರು ಕೂಗಿದ್ರಂತೆ.'

ನನ್ನ ಮೈಯೆಲ್ಲ ಉರಿದುಹೋಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ನಮ್ಮ ಮನೆತನದಲ್ಲಿ ಮೊದಲ ಸಲ ತಟ್ಟೆ ಕೇಳಿದ್ದಾಯಿತು, ಅದೂ ಇಡೀ ಊರಿನಲ್ಲಿ! ಇರುವುದು ಎರಡು ಮಾತಿನ ಹೇಡಿತನ. ಅದನ್ನು ಮುಚ್ಚಲು ಹೋಗಿ ಇಲ್ಲದ ಸೂಳೆಯೊಬ್ಬಳನ್ನು ಮನೆಗೆ ಕರೆದ ಹಾಗಾಯಿತು. ಇದಕ್ಕಿಂತ ಇದ್ದದ್ದು ಇದ್ದ ಹಾಗೆ ಕೇಳಿಹೋಗಲಿ. ಹೆದರಿಕೊಂಡ, ಕಿರುಚಿದ, ಅಷ್ಟೇ ತಾನೇ ಅಂದುಕೊಳ್ಳುತ್ತಾರೆ. ನಾಲ್ಕು ದಿನ ಆಡಿಕೊಂಡು ಬಿಡುತ್ತಾರೆ. ಹಾಗೆಂದು ನಿಶ್ಚಯ ಮಾಡಿ ಸೆರಗು ಸಿಕ್ಕಿಸಿಕೊಂಡು ಹೊರಟೆ.

ರುದ್ರಾಣಿ ಬಾಗಿಲಿಗೆ ಅಡ್ಡ ಬಂದಳು. ಅವಳು ನನಗೆ ಅಡ್ಡ ಬಂದದ್ದು ಅದೇ ಮೊದಲು. 'ಬೇಡ ಅತ್ತಿಗೆ. ಅಣ್ಣ ಕೇಳಿದ್ದಾರೆ, ಆಗಿಹೋಗಲಿ ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ.'

'ನಿಮ್ಮಣ್ಣನ ಮಾನ ನಿನಗಿಂತ ನನಗೆ ಜಾಸ್ತಿ. ದಾರಿ ಬಿಡು. ಬಾಗಿಲ ತುಂಬ ನಿಂತರೆ ಗಾಳೀನೂ ಆಡಲ್ಲ.'

ಅವಳು ಸರಿದಳು. ನಾನು ಒಂದೊಂದು ಮನೆಗೂ ಹೋಗಿ ಹೇಳಿದೆ: 'ತಟ್ಟೆ ಬೇಡ. ನಮ್ಮ ಯಜಮಾನರು ಗಾಬರಿಯಲ್ಲಿ ಕೇಳಿದ್ದಾರೆ. ಮುಚ್ಚಿಡೋ ಅಂಥದ್ದು ನಮ್ಮ ಮನೇಲಿ ಏನೂ ಇಲ್ಲ. ನಾಳೆ ಎಲ್ಲರೂ ಬಾಯಿ ಮುಚ್ಚಿಕೊಂಡು, ಕಿವಿ ತೆಕ್ಕೊಂಡು ಕೇಳಿ.' ಎಷ್ಟು ಗತ್ತಿನಿಂದ ಹೇಳಿದೆ ಅಂತೀರಿ! ವಾಪಸು ಬರುವಾಗ ನನಗೇ ನನ್ನ ಮೇಲೆ ಗೌರವ ಬಂದಿತ್ತು.

ಯಜಮಾನರಿಗೆ ಇದು ಗೊತ್ತಾಗಲಿಲ್ಲ. ಬೆಳಿಗ್ಗೆ ಬೇಗನೆ ಎದ್ದು ಕೆರೆಯಂಗಳಕ್ಕೆ ಹೋದರು, ಸಾಹೇಬರಿಗೆ ಇಂಜಿನ್ ಬಿಚ್ಚಲು ಒಂದು ಕೈ ಬೇಕಾಗಿತ್ತಂತೆ. ಒಂಬತ್ತು ಹತ್ತಿರವಾದಾಗ ಇಬ್ಬರೂ ಒಟ್ಟಿಗೆ ಬೀದಿಯ ತುದಿಯಲ್ಲಿ ಕಂಡರು. ಅಷ್ಟರಲ್ಲಿ ಮನೆಮನೆಯ ಬಾಗಿಲಲ್ಲೂ ಜನ ನಿಂತಿದ್ದರು. ಯಾರ ಕೈಯಲ್ಲೂ ತಟ್ಟೆ ಇರಲಿಲ್ಲ. ಯಜಮಾನರು ಆ ಕಡೆ ಈ ಕಡೆ ನೋಡುತ್ತಾ ಬಂದರು, ನಡಿಗೆ ಜೋರಾಯಿತು, ಕೊನೆಗೆ ಓಡಿಯೇ ಬಂದರು. ನಾನು ಜಗುಲಿಯ ಮೇಲೆ ನೆಟ್ಟಗೆ ನಿಂತಿದ್ದೆ.

'ತಟ್ಟೆ ಎಲ್ಲಿ? ಎಲ್ಲರೂ ಯಾಕೆ ಬರಿಗೈಲಿ ನಿಂತಿದ್ದಾರೆ?'

'ನಾನೇ ಬೇಡ ಅಂದೆ.'

'ಏನು ಮಾಡಿದೆ ನೀಲಾ!' ಅಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಮಗು ಬಾವಿಯ ಕಟ್ಟೆ ಹತ್ತಿದ್ದನ್ನು ದೂರದಿಂದ ಕಂಡವರ ಮುಖದ ಹಾಗಿತ್ತು. 'ಒಳಗೆ ಹೋಗು. ನೀನು ಒಳಗೆ ಹೋಗಿ ಕಿವಿ ಮುಚ್ಕೊ' ಅಂದರು. ಅಷ್ಟರಲ್ಲಿ ಗುಡ್ಡ ಬಾಯಿ ತೆರೆಯಿತು.

ಮೊದಲು ಇಂಜಿನ್. ಇವತ್ತು ಅದರ ಮೇಲೆ ಬೇರೆ ಸದ್ದಿಲ್ಲ. ನೆಲದ ಮೇಲಿದ್ದಾಗಲೇ ಅದು ಹೆಜ್ಜೆ ತಪ್ಪುತ್ತಿದ್ದದ್ದು ಚೆನ್ನಾಗಿ ಕೇಳಿತು, ನಾಲ್ಕಕ್ಕೊಂದು ಏಟು ಬೀಳುತ್ತಲೇ ಇರಲಿಲ್ಲ. ಇಸ್ಮಾಯಿಲ್ ಸಾಹೇಬರು ಬೀದಿಯ ನಡುವೆ ನಿಂತು, ಕತ್ತು ವಾರೆ ಮಾಡಿ, 'ಅಲ್ಲೇ ಇದೆ ನೋಡಿ, ಅಲ್ಲೇ ಇದೆ' ಎಂದು ಹಣೆ ಬಡಿದುಕೊಂಡರು. ಅದರ ಹಿಂದೆಯೇ ನನ್ನ ದನಿ. 'ಹೊರಡ್ರೀ ಸಾಹೇಬ್ರೇ, ಏನು ಕೇಳ್ತಾ ಕೂತಿದೀರಿ!' ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕಿವಿ ಬಿಸಿಯಾಯಿತು. ಇರಲಿ, ಇದೊಂದು ಇತ್ತು, ಇದೊಂದೇ ತಾನೇ, ಅಂದುಕೊಂಡೆ. ಇಂಜಿನ್ ಏರಿತು, ಕೆಮ್ಮಿತು, ಸೋತಿತು. 'ಏಳ್ತಿಲ್ಲ! ಏಳ್ತಿಲ್ಲ!'

ಆಮೇಲೆ ಒಂದು ಹೆಂಗಸಿನ ಕಿರುಚಾಟ. ಯಾರದಪ್ಪಾ ಇದು ಎಂದುಕೊಂಡೆ. ಆಣೆ ಮಾಡಿ ಹೇಳುತ್ತೇನೆ, ನನಗೆ ಅದು ನನ್ನ ದನಿ ಎಂದು ಗೊತ್ತಾಗಲಿಲ್ಲ.

'ಇವಳನ್ನ ತಳ್ಳ್ರೀ! ಈ ಕೊಬ್ಬಿದೋಳನ್ನ ತಳ್ಳ್ರೀ ಕೆಳಕ್ಕೆ! ಇವಳ ಭಾರಕ್ಕೇ ಬೀಳ್ತಿರೋದು! ತಳ್ಳ್ರೀ ಅಂದ್ರೆ, ಇವಳೊಬ್ಬಳು ಹೋದ್ರೆ ನಾವು ಉಳೀತೀವಿ!'

ಆ ಮಾತಿನ ನಡುವಿನಿಂದಲೇ ನನ್ನ ಬೆನ್ನ ಹಿಂದೆ ಒಂದು ತಟ್ಟೆಯ ಸದ್ದು ಶುರುವಾಯಿತು. ಒಂದೇ ತಟ್ಟೆ. ಗುಡ್ಡದ ಎದುರು ಒಂದು ತಟ್ಟೆ ಎಷ್ಟು ಮುಚ್ಚೀತು? ಅದರ ಮೇಲಿನಿಂದ ನನ್ನ ಗಂಡನ ದನಿ ಬಂತು, ನಾನು ಒಂದು ದಿನ ಪೂರ್ತಿ ಉಗಿದಿದ್ದ ಆ ದನಿ, ಈಗ ಮೊದಲಿನಿಂದ ಕೊನೆಯವರೆಗೆ. 'ಅವಳನ್ನ ಮುಟ್ಟಬೇಡ ನೀಲಾ! ಭಾರ ಇಳೀಬೇಕಾದ್ರೆ ನಾನು ಹಾರ್ತೀನಿ! ನನ್ನ ಇಳಿಸಿ ಸಾಹೇಬ್ರೇ! ನನ್ನ ಇಳಿಸಿ! ನನ್ನ ಇಳಿಸಿ!' ಆಮೇಲೆ ಬಟ್ಟೆ ಹರಿದ ಸದ್ದು. ರುದ್ರಾಣಿಯ ದನಿ, 'ಅಣ್ಣಾ!' ಎಂದು ಒಂದೇ ಕೂಗು. ಆಮೇಲೆ ಜೊಂಡಿನ ಸರಬರ. ಮುಗಿಯಿತು.

ನನ್ನನ್ನು ಯಾರಾದರೂ ದುರುಗುಟ್ಟಿ ನೋಡಿದ್ದರೂ ತಡೆದುಕೊಳ್ಳುತ್ತಿದ್ದೆ. ಎಲ್ಲರೂ ತಮ್ಮ ತಮ್ಮ ಕಾಲ್ಬೆರಳು ನೋಡಿಕೊಳ್ಳುತ್ತಿದ್ದರು. ಶಿವಗಂಗಮ್ಮ ಕೂಡ, ಮಹಾತಾಯಿ, ಒಂದು ಮಾತೂ ಆಡದೆ ಒಳಗೆ ಹೋಗಿ ಬಾಗಿಲನ್ನು ಸದ್ದಾಗದ ಹಾಗೆ ಹಾಕಿಕೊಂಡರು. ಬಾಯಿ ಮುಚ್ಚಿ ಕಿವಿ ತೆರೆದು ಕೇಳಿ ಎಂದು ಮನೆಮನೆಗೆ ಹೋಗಿ ಕರೆದು ಬಂದವಳು ನಾನೇ ಅಲ್ಲವೇ! ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಆ ಮಾತನ್ನು ಅದುವರೆಗೆ ಎಷ್ಟೋ ಸಲ ಆಡಿದ್ದೆ. ಅವತ್ತು ನಿಜವಾಗಿ ಕಾಲ ಕೆಳಗಿನ ಕಲ್ಲನ್ನು ನೋಡಿದೆ.

ತಟ್ಟೆಯ ಸದ್ದು ಮಾತ್ರ ಇನ್ನೂ ನಿಂತಿರಲಿಲ್ಲ. ತಿರುಗಿದೆ. ರುದ್ರಾಣಿ ಬಾಗಿಲಲ್ಲಿ ನಿಂತು, ಉಳುಕಿದ ಕೈಯಲ್ಲಿ ತಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಸೌಟಿನಿಂದ ಬಡಿಯುತ್ತಿದ್ದಳು. ಗುಡ್ಡ ಸುಮ್ಮನಾಗಿ ಎಷ್ಟೋ ಹೊತ್ತಾಗಿತ್ತು. ನಾನು ನೋಡಿದ್ದು ಕಂಡು ನಿಲ್ಲಿಸಿದಳು.

'ನೀವು ಬೇಡ ಅಂದಿದ್ರಿ' ಅಂದಳು, ತಪ್ಪು ಮಾಡಿದವಳ ಹಾಗೆ. 'ಆದ್ರೂ ಸೆರಗಿನಲ್ಲಿ ಇಟ್ಕೊಂಡಿದ್ದೆ ಅತ್ತಿಗೆ.'

ಯಜಮಾನರು ಹತ್ತಿರ ಬಂದು, 'ಬಾ ಒಳಗೆ, ಬಿಸಿಲು' ಅಂದರು. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ. ಒಳಗೆ ಹೋಗಿ ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತೆ. ಅವರ ಹರಿದ ಅಂಗಿ ಅಲ್ಲೇ ಗೂಟದ ಮೇಲಿತ್ತು. ರುದ್ರಾಣಿ ಆ ಉಳುಕಿದ ಕೈಯಲ್ಲೇ ಅದರ ಬೆನ್ನು ಹೊಲಿದಿಟ್ಟಿದ್ದಳು. ಮಧ್ಯಾಹ್ನ ಅವಳು ಅನ್ನ ತಂದಿಟ್ಟಾಗ ಅವಳ ಕೈ ಹಿಡಿದುಕೊಂಡು, 'ನನ್ನದು ತಪ್ಪಾಯ್ತು ಕಣೇ' ಅಂದೆ. ಪಿಸುದನಿಯಲ್ಲಿ ಅಂದೆ. 'ಆಯ್ತು ಬಿಡಿ ಅತ್ತಿಗೆ, ಸಾರು ಆರಿಹೋಗುತ್ತೆ' ಅಂದಳು. ನನ್ನ ಕಾಲಿಗೆ ಎಣ್ಣೆ ಕಾಯಿಸಲೇ ಎಂದೂ ಕೇಳಿದಳು.

ಸಂಜೆ ತಲೆಗೆ ಸೆರಗು ಹೊದ್ದು ಇಸ್ಮಾಯಿಲ್ ಸಾಹೇಬರ ಮನೆಗೆ ಹೋದೆ. ಅವರು ಇಂಜಿನ್ನಿನ ಸಾಮಾನಿಗೆ ಎಣ್ಣೆ ಸವರುತ್ತಿದ್ದರು. 'ನಿನ್ನೆ ಕೆರೆಯ ಹತ್ತಿರವೇ ನನ್ನ ಹೆಸರು ಹೇಳಬಹುದಿತ್ತಲ್ಲ' ಅಂದೆ. 'ಹೆದರಿದೋರು ಕೂಗೋದಕ್ಕೆಲ್ಲ ಲೆಕ್ಕ ಇಟ್ರೆ ನಾನು ಹಾರಿಸೋಕೆ ಆಗಲ್ಲ ತಾಯಿ' ಅಂದರು. 'ಆದ್ರೆ ತಕ್ಕಡಿ ಹತ್ರ ನೀವು ಹೆದರಿರಲಿಲ್ಲ.' ಅಷ್ಟೇ ಅಂದು ಮತ್ತೆ ಎಣ್ಣೆ ಸವರಿದರು. ನಾನು ಬಂದ ದಾರಿಯಲ್ಲೇ ತಲೆ ತಗ್ಗಿಸಿ ವಾಪಸು ಬಂದೆ.

ಮಾರನೆಯ ದಿನ ಒಂಬತ್ತಕ್ಕೆ ಗುಡ್ಡ ರುದ್ರಾಣಿಯ ತಟ್ಟೆಯನ್ನು ವಾಪಸು ಕೊಟ್ಟಿತು. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವುದಿಲ್ಲವಲ್ಲ, ನನ್ನ ಕಿರುಚಾಟ ಇರಲಿಲ್ಲ, ತಟ್ಟೆ ಒಂದೇ. ಏಟುಗಳು ಒಂದರ ಹಾಗೆ ಒಂದಿರಲಿಲ್ಲ, ತಟ್ಟೆ ಹಿಡಿದ ಕೈ ನೋಯುತ್ತಿದ್ದದ್ದು ಅದರಲ್ಲೇ ತಿಳಿಯುತ್ತಿತ್ತು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಸೊಪ್ಪಿನವಳು ಕೂಗುವುದನ್ನು ನಿಲ್ಲಿಸಿದಳು. ತಟ್ಟೆ ಸುಮ್ಮನಾದ ಮೇಲೂ ಎಲ್ಲರೂ ಇನ್ನೂ ಸ್ವಲ್ಪ ಹೊತ್ತು ಗುಡ್ಡದ ಕಡೆ ಕಿವಿಯಿಟ್ಟರು. ಅವರು ಯಾವುದಕ್ಕೆ ಕಾಯುತ್ತಿದ್ದರು ಎಂದು ನನಗೆ ತಿಳಿಯಿತು. ಆಮೇಲಾದರೂ ನಾನು ಏನಾದರೂ ಅಂದಿದ್ದೆನೋ ಎಂದು. ಗುಡ್ಡ ಏನನ್ನೂ ಹೇಳಲಿಲ್ಲ. ಬೈಗುಳವನ್ನು ಊರಿಗೇ ಕೇಳುವ ಹಾಗೆ ಕೂಗಿದವಳು ತಪ್ಪಾಯಿತು ಅನ್ನುವುದನ್ನು ಕೋಣೆಯ ಮೂಲೆಯಲ್ಲಿ ಪಿಸುಗುಟ್ಟಿದ್ದೆ.

ಜನ ಚದುರುವ ಮುಂಚೆ ಅಂಗಳಕ್ಕೆ ಇಳಿದೆ. ಗುಡ್ಡಕ್ಕೆ ಮುಖ ಮಾಡಿ ನಿಂತೆ. ಬಾಯಿ ತೆರೆದೆ. ಹಿಂದೆ ಹೆಜ್ಜೆಯ ಸದ್ದಾಯಿತು. ತಿರುಗಿ ನೋಡಿದರೆ ರುದ್ರಾಣಿ ಅಡಿಗೆಮನೆಯಿಂದ ಓಡಿ ಬಂದು ಬಾಗಿಲಲ್ಲಿ ನಿಂತಿದ್ದಳು, ಒಂದು ಕೈಯಲ್ಲಿ ತಟ್ಟೆ, ಎತ್ತಿದ ಇನ್ನೊಂದು ಕೈಯಲ್ಲಿ ಸೌಟು. ನಾನು ಈಗ ಏನು ಕೂಗುತ್ತೇನೋ ಎಂದು ಅವಳಿಗೆ ಗೊತ್ತಿರಲಿಲ್ಲ. ಏನೇ ಕೂಗಿದರೂ ಮುಚ್ಚಲು ತಯಾರಾಗಿ ಬಂದಿದ್ದಳು.

'ಬಡೀಬೇಡ' ಅಂದೆ.

ಅವಳು ಸೌಟು ಇಳಿಸಲಿಲ್ಲ. ನನ್ನ ಮಾತನ್ನು ಅವಳು ಯಾಕಾದರೂ ನಂಬಬೇಕು! ಗುಡ್ಡದ ಕಡೆ ತಿರುಗಿ, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಸೇರಿಸಿ ಕೂಗಿದೆ. 'ರುದ್ರಾಣೀ, ನನ್ನದು ತಪ್ಪಾಯ್ತು! ವಿಮಾನ ಬಿದ್ದದ್ದು ನಿನ್ನಿಂದಲ್ಲ, ನನ್ನಿಂದ! ಇಷ್ಟು ವರ್ಷ ಆಡಿದ್ದೆಲ್ಲ ತಪ್ಪಾಯ್ತು!'

ದನಿ ಒಡೆದು ಕೆಮ್ಮು ಬಂತು. ಕೆಮ್ಮಿ ಮುಗಿಸಿ ಹಿಂದೆ ನೋಡಿದೆ. ಅವಳ ಕಣ್ಣು ತುಂಬಿತ್ತು. ಸೌಟು ಹಿಡಿದ ಕೈ ಎತ್ತಿದ್ದು ಎತ್ತಿದ ಹಾಗೇ ಇತ್ತು. ತಟ್ಟೆಗೆ ತಾಗಿರಲಿಲ್ಲ.